ಒಳಪದರದ ತಾಮ್ರವನ್ನು ಕಾಣಿಸುವ ಬಗೆ

ನಾಲ್ಕು ಪದರದ ಸಾಧಾರಣ ಸರ್ಕ್ಯೂಟ್ ಬೋರ್ಡಿನ ಒಟ್ಟು ದಪ್ಪ 1.6 ಮಿಲಿಮೀಟರ್. ಅದರೊಳಗಿನ ಒಂದೊಂದು ತಾಮ್ರದ ಹಾಳೆ 35 ಮೈಕ್ರಾನ್, ಕೆಲವೊಮ್ಮೆ ಅದರ ಅರ್ಧ. ಹತ್ತು ಸೆಂಟಿಮೀಟರ್ ಅಗಲದ ಬೋರ್ಡನ್ನು ಒಂದೂವರೆ ಪಟ್ಟು ಹಿಗ್ಗಿಸಿ ಪುಸ್ತಕದ ಪುಟ ತುಂಬುವಂತೆ ಬರೆದರೂ ಆ ತಾಮ್ರ ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗದಷ್ಟು ತೆಳುವಾದ ಗೆರೆಯಾಗಿಯೇ ಉಳಿಯುತ್ತದೆ. ಅಚ್ಚಿನಲ್ಲಿ ಅದು ನಿಲ್ಲುವುದಿಲ್ಲ. ಹೀಗಾಗಿ ಬಹುಪದರ ಬೋರ್ಡಿನ ಒಳಗನ್ನು ಮೂರು ಆಯಾಮದಲ್ಲಿ ತೋರಿಸುವ ಯಾವ ಚಿತ್ರವೂ ಅಳತೆಗೆ ನಿಷ್ಠವಾಗಿರಲು ಸಾಧ್ಯವಿಲ್ಲ. ಎಲ್ಲಿ ಹಿಗ್ಗಿಸಬೇಕು, ಯಾವುದನ್ನು ಮರೆಮಾಡಬೇಕು, ಯಾರಿಗಾಗಿ ಬರೆಯಬೇಕು ಎಂಬ ಬಗ್ಗೆ ವಿನ್ಯಾಸಕಾರರು, ಕಾರ್ಖಾನೆಯವರು, ಮೇಷ್ಟ್ರುಗಳು ಮತ್ತು ರಿಪೇರಿಯವರು ಬೇರೆಬೇರೆ ಉತ್ತರ ಕೊಡುತ್ತ ಬಂದಿದ್ದಾರೆ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಓದುಗರಿಗೆ ಇದು ದೂರದ ವಿಷಯವೆನಿಸಬಹುದು. ಕಾರಣ ಸರಳ: ನಂಜನಗೂಡಿನಲ್ಲಿರುವಂತೆ ಇಂಥ ಬೋರ್ಡು ಒತ್ತುವ ಕಾರ್ಖಾನೆ ಈ ಮೂರು ತಾಲೂಕುಗಳಲ್ಲಿ ಇಲ್ಲ. ಆದರೆ ಮೂಡ್ಲಕಟ್ಟೆಯಲ್ಲೋ ಮಣಿಪಾಲದಲ್ಲೋ ಎಲೆಕ್ಟ್ರಾನಿಕ್ಸ್ ಓದಿ ಬೆಂಗಳೂರು, ಮೈಸೂರಿನ ಕಂಪನಿಗಳಿಗೆ ಹೊರಡುವ ಹುಡುಗ ಹುಡುಗಿಯರು ಇಲ್ಲಿಂದ ಬೇಕಾದಷ್ಟು. ಒತ್ತುಯಂತ್ರವನ್ನು ಕಣ್ಣಾರೆ ಕಾಣಬೇಕಾದರೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕಾದವರಿಗೆ ಪಾಠದ ಚಿತ್ರವೇ ಕಾರ್ಖಾನೆ. ಆ ಚಿತ್ರ ತಪ್ಪು ಹೇಳಿದರೆ ತಿದ್ದಲು ಹತ್ತಿರದಲ್ಲಿ ಬೇರೆ ಸಾಕ್ಷಿಯಿಲ್ಲ. ಕೆಲವೇ ಜನರ ಈ ಜಗಳವನ್ನು ಇಲ್ಲಿ ವಿಸ್ತಾರವಾಗಿ ಎತ್ತಿಕೊಂಡಿರುವುದು ಅದಕ್ಕೇ.

ಟೇಪು, ಫಿಲ್ಮು, ಗರ್ಬರ್

ಪದರಗಳ ಕಲ್ಪನೆ ಬೋರ್ಡಿಗಿಂತಲೂ ಹಳೆಯದು. 1903ರಲ್ಲಿ ಆಲ್ಬರ್ಟ್ ಹ್ಯಾನ್ಸನ್ ಪಡೆದ ಬ್ರಿಟಿಷ್ ಪೇಟೆಂಟಿನಲ್ಲಿಯೇ ಚಪ್ಪಟೆ ಲೋಹದ ಪಟ್ಟಿಗಳನ್ನು ನಿರೋಧಕ ಹಾಳೆಗೆ ಅಂಟಿಸಿ ಒಂದರ ಮೇಲೊಂದು ಇಡುವ ಮಾತಿದೆ. ವಿಯೆನ್ನಾದಲ್ಲಿ ಹುಟ್ಟಿದ ಪೌಲ್ ಐಸ್ಲರ್ 1936ರ ಸುಮಾರಿಗೆ ಲಂಡನ್ನಿನಲ್ಲಿ ಮುದ್ರಿತ ಸರ್ಕ್ಯೂಟಿನ ರೇಡಿಯೊ ಕಟ್ಟಿದ. ಎರಡನೇ ಮಹಾಯುದ್ಧದಲ್ಲಿ ಸಿಡಿಗುಂಡುಗಳ ಫ್ಯೂಸಿಗೆ ಈ ತಂತ್ರ ಬಳಕೆಯಾಯಿತು, 1948ರಲ್ಲಿ ಅಮೆರಿಕ ಅದನ್ನು ವಾಣಿಜ್ಯ ಬಳಕೆಗೆ ಬಿಟ್ಟುಕೊಟ್ಟಿತು. ರಂಧ್ರದ ಒಳಗೋಡೆಗೆ ತಾಮ್ರ ಲೇಪಿಸಿ ಒಳಪದರಗಳನ್ನು ಜೋಡಿಸುವ ವಿದ್ಯೆ 1960ರ ದಶಕದ ಆರಂಭದಲ್ಲಿ ಕೈಗೆ ಬಂದ ಮೇಲಷ್ಟೇ ನಿಜವಾದ ಬಹುಪದರ ಬೋರ್ಡು ಹುಟ್ಟಿತು.

ಆ ಕಾಲದ ವಿನ್ಯಾಸಕಾರನಿಗೆ ಮೂರು ಆಯಾಮದ ಚಿತ್ರದ ಅಗತ್ಯವೇ ಬೀಳಲಿಲ್ಲ. ಪಾರದರ್ಶಕ ಮೈಲಾರ್ ಹಾಳೆಯ ಮೇಲೆ ಎರಡು ಅಥವಾ ನಾಲ್ಕು ಪಟ್ಟು ದೊಡ್ಡ ಅಳತೆಯಲ್ಲಿ ಕಪ್ಪು ಟೇಪು ಅಂಟಿಸಿ, ಫೋಟೊ ತೆಗೆದು, ಕುಗ್ಗಿಸಿ ಫಿಲ್ಮು ಮಾಡುತ್ತಿದ್ದರು. ಎರಡು ಬದಿಯ ಬೋರ್ಡಿಗೆ ಒಂದೇ ಹಾಳೆಯ ಮೇಲೆ ಕೆಂಪು ಮತ್ತು ನೀಲಿ ಟೇಪು ಹಾಕಿ, ಬಣ್ಣದ ಫಿಲ್ಟರಿನಿಂದ ಬೇರ್ಪಡಿಸುವ ಉಪಾಯವೂ ಇತ್ತು. ಇಂದಿನ ಹೆಚ್ಚಿನ ವಿನ್ಯಾಸ ತಂತ್ರಾಂಶಗಳಲ್ಲಿ ಮೇಲ್ಪದರ ಕೆಂಪು, ಕೆಳಪದರ ನೀಲಿ. ಇದು ಕಾಕತಾಳೀಯವೆಂದು ನನಗೆ ಅನಿಸುವುದಿಲ್ಲ.

ಟೇಪಿನ ಕೆಲಸವನ್ನು ಬೆಳಕಿನಿಂದ ಫಿಲ್ಮಿನ ಮೇಲೆ ಗೆರೆ ಬರೆಯುವ ಫೋಟೊಪ್ಲಾಟರ್ ವಹಿಸಿಕೊಂಡಿತು. ಅದನ್ನು ಬೆಳೆಸಿದ ಜೋಸೆಫ್ ಗರ್ಬರ್ ಕೂಡ ವಿಯೆನ್ನಾದವನೇ. ನಾಜಿಗಳಿಂದ ತಪ್ಪಿಸಿಕೊಂಡು 1940ರಲ್ಲಿ ಅಮೆರಿಕ ಸೇರಿದವನು. ಅವನ ಹೆಸರಿನ ಫೈಲು ವಿಧಾನ 1980ರಲ್ಲಿ ಪ್ರಕಟವಾಗಿ, 1998ರಲ್ಲಿ ವಿಸ್ತಾರಗೊಂಡು, ಇಂದಿಗೂ ಕಾರ್ಖಾನೆಗೆ ಹೋಗುವ ಬಹುಪಾಲು ಕೆಲಸವನ್ನು ಹೊರುತ್ತಿದೆ. ನಮ್ಮ ಚರ್ಚೆಗೆ ಮುಖ್ಯವಾದ ಸಂಗತಿಯೆಂದರೆ ಗರ್ಬರ್ ಫೈಲು ಒಂದೊಂದು ಪದರದ ಚಪ್ಪಟೆ ಚಿತ್ರ ಮಾತ್ರ. 2014ರಲ್ಲಿ ಅದರ ಎಕ್ಸ್2 ರೂಪ ಬರುವವರೆಗೆ ತಾನು ಎಷ್ಟನೇ ಪದರವೆಂಬುದನ್ನೂ ಫೈಲು ಹೇಳುತ್ತಿರಲಿಲ್ಲ. ಹೆಸರು ನೋಡಿ ಊಹಿಸಬೇಕು, ಇಲ್ಲವೇ ಜೊತೆಗಿಟ್ಟ ಚೀಟಿ ಓದಬೇಕು. ಪದರಗಳ ನಡುವಿನ ದಪ್ಪವೂ ಬೇರೆ ಟಿಪ್ಪಣಿಯಲ್ಲಿ. ಅಂದರೆ ಮೂರನೆಯ ಆಯಾಮ ಐವತ್ತು ವರ್ಷ ಕಾಲ ಚಿತ್ರದ ಹೊರಗೇ ಇತ್ತು, ಒಂದು ಕೋಷ್ಟಕವಾಗಿ.

ಕರ್ನಾಟಕ ಈ ಇತಿಹಾಸದ ಅಂಚಿನಲ್ಲಿ ನಿಂತು ನೋಡಿದ್ದಲ್ಲ. ಬೆಂಗಳೂರಿನಲ್ಲಿ 1948ರಲ್ಲಿ ದೂರವಾಣಿ ಕಾರ್ಖಾನೆ ಐಟಿಐ, 1954ರಲ್ಲಿ ರಕ್ಷಣಾ ಎಲೆಕ್ಟ್ರಾನಿಕ್ಸಿನ ಬಿಇಎಲ್ ಶುರುವಾದವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದ ಮಧ್ಯದಲ್ಲಿ ಸ್ವಿಟ್ಜರ್ಲೆಂಡಿನ ಸಹಕಾರದಿಂದ ಎಲೆಕ್ಟ್ರಾನಿಕ್ಸ್ ವಿನ್ಯಾಸ ಮತ್ತು ತಂತ್ರಜ್ಞಾನ ಕೇಂದ್ರ, ಜನರ ಬಾಯಲ್ಲಿ ಸಿಇಡಿಟಿ, ಆರಂಭವಾಯಿತು. ಅದರ ಗ್ರಂಥಮಾಲೆಯಲ್ಲಿ 1983ರಲ್ಲಿ ಬಂದ ಬೊಸ್ಹಾರ್ಟ್ ಅವರ ಮುದ್ರಿತ ಸರ್ಕ್ಯೂಟ್ ಬೋರ್ಡುಗಳ ಪುಸ್ತಕವನ್ನು ಭಾರತದ ಎಷ್ಟೋ ಪೀಳಿಗೆಯ ವಿದ್ಯಾರ್ಥಿಗಳು ಓದಿದ್ದಾರೆ. ನಂಜನಗೂಡಿನಲ್ಲಿದ್ದ ಇಂಡಾಲ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯನ್ನು 1999ರಲ್ಲಿ ಎಟಿ ಅಂಡ್ ಎಸ್ ಎಂಬ ಕಂಪನಿ ಕೊಂಡುಕೊಂಡಿತು. ಅದೂ ಆಸ್ಟ್ರಿಯದ್ದೇ! ಐಸ್ಲರ್, ಗರ್ಬರ್, ನಂಜನಗೂಡು: ಮೂರಕ್ಕೂ ಒಂದೇ ದೇಶದ ನಂಟು.

ಕತ್ತರಿಸಿ ನೋಡುವವರು

ಒಳಗನ್ನು ತೋರಿಸುವ ಅತಿ ಹಳೆಯ ಮತ್ತು ಇಂದಿಗೂ ಅತಿ ಪ್ರಬಲ ಪಂಥ ಅಡ್ಡಕೊಯ್ತದ್ದು. ಬೋರ್ಡನ್ನು ಲಂಬವಾಗಿ ಸೀಳಿ ಬದಿಯಿಂದ ನೋಡಿದರೆ ಮೇಲಿನಿಂದ ಕೆಳಗೆ ತಾಮ್ರ, ಪ್ರಿಪ್ರೆಗ್, ತಾಮ್ರ, ಕೋರ್, ತಾಮ್ರ, ಪ್ರಿಪ್ರೆಗ್, ತಾಮ್ರ. ಕೋರ್ ಎಂದರೆ ಮೊದಲೇ ಗಟ್ಟಿಯಾದ ಗಾಜುನೂಲು ಮತ್ತು ಎಪಾಕ್ಸಿಯ ಹಲಗೆ, ಪ್ರಿಪ್ರೆಗ್ ಎಂದರೆ ಅದೇ ವಸ್ತುವಿನ ಅರೆಬೆಂದ ಹಾಳೆ. ಸುಮಾರು 180 ಡಿಗ್ರಿ ಬಿಸಿಯಲ್ಲಿ ಒತ್ತಿದಾಗ ಪ್ರಿಪ್ರೆಗ್ ಕರಗಿ, ಸಂದುಗಳಿಗೆ ಹರಿದು, ಮತ್ತೆಂದೂ ಕರಗದಂತೆ ಗಟ್ಟಿಯಾಗುತ್ತದೆ. ನಮ್ಮ ಕಡೆಯವರಿಗೆ ಪತ್ರೊಡೆ ನೆನಪಾದರೆ ತಪ್ಪಿಲ್ಲ: ಕೆಸುವಿನ ಎಲೆಗೆ ಹಿಟ್ಟು ಸವರಿ ಪದರ ಸುತ್ತಿ ಬೇಯಿಸಿದ ಮೇಲೆ ಯಾವ ಎಲೆ ಎಲ್ಲಿ ಕೂತಿದೆಯೆಂದು ಗೊತ್ತಾಗುವುದು ಬಿಲ್ಲೆ ಕತ್ತರಿಸಿದಾಗಲೇ.

ಈ ಪಂಥದ ಬಲ ಇರುವುದು ಅದರ ಚಿತ್ರಕ್ಕೆ ನಿಜದ ಪ್ರತಿರೂಪ ಇರುವುದರಲ್ಲಿ. ಕಾರ್ಖಾನೆಯ ಗುಣಮಟ್ಟ ವಿಭಾಗದವರು ಬೋರ್ಡಿನ ಅಂಚಿನ ಪರೀಕ್ಷಾ ತುಂಡನ್ನು ಕತ್ತರಿಸಿ, ರಾಳದಲ್ಲಿ ಹುದುಗಿಸಿ, ನುಣುಪಾಗಿ ಉಜ್ಜಿ, ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ರಂಧ್ರದ ಗೋಡೆಯ ಮೇಲಿನ ತಾಮ್ರ 20ರಿಂದ 25 ಮೈಕ್ರಾನ್ ಇದೆಯೇ, ಒಳಪದರದ ತಾಮ್ರ ಆ ಗೋಡೆಗೆ ಸರಿಯಾಗಿ ಅಂಟಿದೆಯೇ ಎಂಬುದು ಅಲ್ಲಿ ನೇರವಾಗಿ ಕಾಣುತ್ತದೆ. ಪದರಗಳನ್ನು ಜೋಡಿಸುವ ಇಂಥ ತಾಮ್ರಲೇಪಿತ ರಂಧ್ರಕ್ಕೆ ವಯಾ ಎಂದು ಹೆಸರು. ಮೇಲಿನ ಪದರದಿಂದ ಒಳಗಿನ ಒಂದು ಪದರಕ್ಕೆ ಇಳಿದು ನಿಲ್ಲುವ ಕುರುಡು ವಯಾ, ಹೊರಗೆ ಎಲ್ಲೂ ಕಾಣದ ಹೂತ ವಯಾ, ಲೇಸರಿನಿಂದ ಕೊರೆದ 0.1 ಮಿಲಿಮೀಟರಿನ ಸೂಕ್ಷ್ಮ ವಯಾ ಇವುಗಳ ವ್ಯತ್ಯಾಸ ವಿವರಿಸಲು ಅಡ್ಡಕೊಯ್ತಕ್ಕಿಂತ ಚೊಕ್ಕ ಚಿತ್ರವಿಲ್ಲ.

ತೊಂದರೆ ಅಳತೆಯಲ್ಲಿದೆ. ಮೇಲೆ ಹೇಳಿದ ಹತ್ತು ಸೆಂಟಿಮೀಟರ್ ಬೋರ್ಡನ್ನೇ ತೆಗೆದುಕೊಳ್ಳಿ. ಪುಟದಲ್ಲಿ ತಾಮ್ರ ಒಂದು ಮಿಲಿಮೀಟರ್ ದಪ್ಪ ಕಾಣಬೇಕಾದರೆ ಎತ್ತರವನ್ನು ಅಗಲಕ್ಕಿಂತ 20 ಪಟ್ಟು ಹೆಚ್ಚು ಹಿಗ್ಗಿಸಬೇಕು. ಆಗ ಬೋರ್ಡು ಐದು ಸೆಂಟಿಮೀಟರ್ ಎತ್ತರದ ಇಟ್ಟಿಗೆಯಾಗುತ್ತದೆ. ಅದರಲ್ಲಿ 0.3 ಮಿಲಿಮೀಟರ್ ವ್ಯಾಸದ ರಂಧ್ರ ಅರ್ಧ ಮಿಲಿಮೀಟರ್ ಅಗಲದ, ಐದು ಸೆಂಟಿಮೀಟರ್ ಉದ್ದದ ಸೂಜಿ! ಅದು ಚೆನ್ನಾಗಿ ಕಾಣುವುದಿಲ್ಲವೆಂದು ಚಿತ್ರಕಾರ ರಂಧ್ರವನ್ನು ಬೇರೆಯಾಗಿ ಅಗಲಿಸುತ್ತಾನೆ. ರಂಧ್ರ ಅಗಲವಾದ ಮೇಲೆ ಪಕ್ಕದ ಗೆರೆ ಸಣ್ಣದಾಯಿತೆಂದು ಅದನ್ನೂ ದಪ್ಪ ಮಾಡುತ್ತಾನೆ. ಕೊನೆಗೆ ಒಂದೇ ಚಿತ್ರದಲ್ಲಿ ಮೂರು ಅಳತೆ, ಒಂದನ್ನೂ ಎಲ್ಲಿಯೂ ಬರೆದಿರುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಪದರಗಳನ್ನು ಸಮ ಅಂತರದಲ್ಲಿ ಜೋಡಿಸುವ ಚಟ. ರೂಢಿಯ ನಾಲ್ಕು ಪದರದ ಬೋರ್ಡಿನಲ್ಲಿ ಮೇಲಿನ ತಾಮ್ರಕ್ಕೂ ಅದರ ಕೆಳಗಿನ ಗ್ರೌಂಡ್ ಪದರಕ್ಕೂ ನಡುವೆ ಸುಮಾರು 0.2 ಮಿಲಿಮೀಟರ್. ನಡುವಿನ ಕೋರ್ ಸುಮಾರು 1.1 ಮಿಲಿಮೀಟರ್, ಐದು ಪಟ್ಟಿಗೂ ಹೆಚ್ಚು. ಹೆಚ್ಚು ವೇಗದ ಸಂಕೇತ ಮೇಲೆ ಹರಿಯುವಾಗ ಅದರ ಮರುಪ್ರವಾಹ ತನ್ನ ಗೆರೆಯ ನೇರ ಕೆಳಗಿನ ಗ್ರೌಂಡಿನಲ್ಲಿಯೇ ಹಿಂದಿರುಗುವುದು ಈ ಸಾಮೀಪ್ಯದಿಂದ. ನಾಲ್ಕು ಪದರ ಏಕೆ ಬೇಕು ಎಂಬ ಪ್ರಶ್ನೆಗೆ ಇರುವ ಒಳ್ಳೆಯ ಉತ್ತರವೇ ಇದು. ಸಮ ಅಂತರದ ಚಿತ್ರ ಆ ಉತ್ತರವನ್ನು ಅಳಿಸಿಹಾಕುತ್ತದೆ. ಪರೀಕ್ಷೆಯ ಗೈಡುಗಳಲ್ಲಿ ಕಾಣುವ ಇಂಥ ಚಿತ್ರಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬಿಡಿಸಿ ಹರಡುವವರು

ಜನಪ್ರಿಯತೆಯಲ್ಲಿ ಗೆದ್ದಿರುವುದು ಎರಡನೆಯ ಪಂಥ. ಪದರಗಳನ್ನು ಒಂದೊಂದಾಗಿ ಮೇಲಕ್ಕೆತ್ತಿ, ಗಾಳಿಯಲ್ಲಿ ತೇಲಿಬಿಟ್ಟು, ಓರೆಯಿಂದ ನೋಡುವ ಬಿಡಿಚಿತ್ರ. ಯಂತ್ರಗಳನ್ನು ಹೀಗೆ ಬಿಡಿಸಿ ಬರೆಯುವ ರೂಢಿ ಲಿಯೊನಾರ್ಡೊ ಡ ವಿಂಚಿಯ ಕಾಲಕ್ಕೇ ಬೆಳೆದಿತ್ತು. ಅದಕ್ಕೆ ಲೆಕ್ಕದ ತಳಹದಿ ಬಂದದ್ದು ಗಾಸ್ಪಾರ್ ಮೊಂಜ್‌ನ ವಿವರಣಾತ್ಮಕ ರೇಖಾಗಣಿತದಿಂದ ಮತ್ತು ಕೇಂಬ್ರಿಜ್ಜಿನ ವಿಲಿಯಂ ಫ್ಯಾರಿಶ್ 1822ರಲ್ಲಿ ಮಂಡಿಸಿದ ಐಸೊಮೆಟ್ರಿಕ್ ಚಿತ್ರಣದಿಂದ. ಐಸೊಮೆಟ್ರಿಕ್‌ನಲ್ಲಿ ದೂರದ್ದು ಚಿಕ್ಕದಾಗುವುದಿಲ್ಲ. ಮೂರೂ ಅಕ್ಷಗಳ ಮೇಲೆ ಒಂದೇ ಅಳತೆಪಟ್ಟಿ ಇಟ್ಟು ಅಳೆಯಬಹುದು. ಒಂದೇ ಆಕಾರದ ಹತ್ತು ಹಾಳೆಗಳನ್ನು ಸಾಲಾಗಿ ತೋರಿಸಲು ಇದಕ್ಕಿಂತ ಅನುಕೂಲದ ವಿಧಾನವಿಲ್ಲ.

ನಮ್ಮ ಕಾಲೇಜುಗಳ ಮಟ್ಟಿಗೆ ಇದು ಕೈಗೆಟಕುವ ವಿದ್ಯೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮೊದಲ ವರ್ಷದ ಡ್ರಾಯಿಂಗ್ ಪಾಠದಲ್ಲಿ ಹಲಗೆಯ ಮೇಲೆ ತುದಿ ಕತ್ತರಿಸಿದ ಶಂಕು, ಅದರ ಮೇಲೆ ಗೋಳ ಇಟ್ಟು ಐಸೊಮೆಟ್ರಿಕ್ ಬರೆಸುತ್ತಾರೆ. ಪದರ ಜೋಡಣೆಯ ರೇಖಾಗಣಿತ ಅದಕ್ಕಿಂತ ಸುಲಭ, ಎಲ್ಲವೂ ಆಯತಾಕಾರದ ಹಲಗೆಗಳೇ. 2022ರ ಪಠ್ಯಯೋಜನೆಯ ಕೊನೆಯ ಭಾಗದಲ್ಲಿ ಸರಳ ಎಲೆಕ್ಟ್ರಾನಿಕ್ ಚಿತ್ರಗಳು ಮತ್ತು ಪದರಗಳ ಅಭ್ಯಾಸ ಸೇರಿದ್ದವು. ಆದರೆ ಅದು ಒಳಮೌಲ್ಯಮಾಪನಕ್ಕೆ ಸೀಮಿತವಾಗಿತ್ತು. ಮುಖ್ಯ ಪರೀಕ್ಷೆಗೆ ಬಾರದ ಪಾಠದ ಗತಿ ಏನೆಂದು ಹೇಳಬೇಕಾಗಿಲ್ಲ.

ಕೈಯಲ್ಲಿರುವ ಉಚಿತ ತಂತ್ರಾಂಶದಿಂದಲೇ ಇದನ್ನು ಮಾಡಬಹುದು. ಬೋರ್ಡಿನ ಗರ್ಬರ್ ಫೈಲುಗಳನ್ನು ಪದರಕ್ಕೊಂದರಂತೆ ವೆಕ್ಟರ್ ಚಿತ್ರಗಳಾಗಿ ಮಾರ್ಪಡಿಸಿ ಇಂಕ್‌ಸ್ಕೇಪಿನಲ್ಲಿ ತೆರೆಯಿರಿ. ಪ್ರತಿ ಚಿತ್ರವನ್ನೂ ಲಂಬವಾಗಿ 86.602 ಶೇಕಡಕ್ಕೆ ಕುಗ್ಗಿಸಿ, 30 ಡಿಗ್ರಿ ಓರೆಗೊಳಿಸಿ, 30 ಡಿಗ್ರಿ ತಿರುಗಿಸಿ. ಚಪ್ಪಟೆ ಪದರ ನೆಲಕ್ಕೊರಗಿದ ಐಸೊಮೆಟ್ರಿಕ್ ಹಲಗೆಯಾಗುತ್ತದೆ. ಓರೆಯ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿದರೆ ಹಲಗೆ ಗೋಡೆಯಂತೆ ಎದ್ದು ನಿಲ್ಲುತ್ತದೆ, ಮೊದಲ ಸಲ ಎಲ್ಲರಿಗೂ ಆಗುವುದೇ. ಎಲ್ಲ ಪದರಗಳನ್ನು ಹೀಗೆ ಮಾಡಿ ಲಂಬವಾಗಿ ಜರುಗಿಸಿ ಜೋಡಿಸಿದರೆ, ಒಳಗಿನ ತಾಮ್ರದ ನಕ್ಷೆ ಒಂದೊಂದೂ ಪೂರ್ತಿ ಕಾಣುವ ಚಿತ್ರ ಸಿದ್ಧ. ಅಡ್ಡಕೊಯ್ತಕ್ಕೆ ಇದು ಎಂದಿಗೂ ಸಾಧ್ಯವಿಲ್ಲ, ಅದು ಕತ್ತರಿಸಿದ ಗೆರೆಯನ್ನಷ್ಟೇ ಬಲ್ಲದು.

ಇಷ್ಟೆಲ್ಲ ಹೊಗಳಿದ ಮೇಲೆ ಈ ಪಂಥದ ಮೇಲಿನ ದೊಡ್ಡ ಆಕ್ಷೇಪಕ್ಕೆ ಬರಬೇಕು. ಬಿಡಿಚಿತ್ರ ನೋಡಿದ ಯಾರಿಗಾದರೂ ಮೂಡುವ ಭಾವನೆ: ಇವೆಲ್ಲ ಬಿಡಿ ಭಾಗಗಳು, ಒಂದರ ಮೇಲೊಂದು ಇಟ್ಟರೆ ಬೋರ್ಡಾಗುತ್ತದೆ. ಗಡಿಯಾರಕ್ಕೆ, ಎಂಜಿನ್ನಿಗೆ ಇದು ಸರಿ. ಬೋರ್ಡಿಗೆ ತಪ್ಪು. ಚಿತ್ರದಲ್ಲಿ ವಯಾವನ್ನು ತಾಮ್ರದ ಪುಟ್ಟ ಕೊಳವೆಯಂತೆ ಪದರಗಳ ನಡುವೆ ನಿಲ್ಲಿಸಿರುತ್ತಾರೆ. ಅಂಥ ಕೊಳವೆ ಕಾರ್ಖಾನೆಯಲ್ಲಿ ಯಾವ ಹಂತದಲ್ಲೂ ಬಿಡಿಯಾಗಿ ಇರುವುದಿಲ್ಲ. ಒಳಪದರಗಳ ನಕ್ಷೆಯನ್ನು ಮೊದಲು ಕೊರೆದು, ಪ್ರಿಪ್ರೆಗ್ ಮತ್ತು ಹೊರತಾಮ್ರದ ಹಾಳೆಯೊಂದಿಗೆ ಒತ್ತಿ ಒಂದೇ ಗಟ್ಟಿ ಹಲಗೆ ಮಾಡಿದ ಮೇಲೆ ರಂಧ್ರ ಬೀಳುತ್ತದೆ. ಅದರ ಗೋಡೆಯ ಮೇಲೆ ತಾಮ್ರ ಬೆಳೆಯುತ್ತದೆ. ಹೊರಪದರದ ನಕ್ಷೆ ಮೂಡುವುದು ಅದಕ್ಕೂ ಆಮೇಲೆ. ಚಿತ್ರದಲ್ಲಿ ಎಲ್ಲಕ್ಕಿಂತ ಮೇಲೆ ತೇಲುವ ಮೊದಲ ಪದರ ಹುಟ್ಟುವುದು ಕೊನೆಗೆ. ಪ್ರಿಪ್ರೆಗ್ ಹಾಳೆಯನ್ನು ಚಿತ್ರದಲ್ಲಿ ಸಪಾಟಾಗಿ, ರಂಧ್ರ ಸಮೇತ ತೋರಿಸುತ್ತಾರೆ. ಆದರೆ ಹಾಳೆಯಾಗಿದ್ದಾಗ ಅದರಲ್ಲಿ ರಂಧ್ರವಿರಲಿಲ್ಲ, ರಂಧ್ರ ಬಂದಾಗ ಅದು ಹಾಳೆಯಾಗಿ ಉಳಿದಿರಲಿಲ್ಲ.

ಇದು ಬರೀ ಪಂಡಿತರ ತಕರಾರಲ್ಲ. ಕುರುಡು ಮತ್ತು ಹೂತ ವಯಾಗಳಿರುವ ಬೋರ್ಡಿಗೆ ಬೆಲೆ ಏಕೆ ಏರುತ್ತದೆಯೆಂದು ಬಿಡಿಚಿತ್ರ ನೋಡಿದವನಿಗೆ ತಿಳಿಯುವುದಿಲ್ಲ, ಇನ್ನೊಂದು ಕೊಳವೆ ತುಂಡಾಯಿತು ಅಷ್ಟೇ ಎನಿಸುತ್ತದೆ. ನಿಜದಲ್ಲಿ ಒಂದು ಹೂತ ವಯಾ ಸೇರಿದರೆ ಕೊರೆಯುವ, ಲೇಪಿಸುವ ಕೆಲಸ ಇನ್ನೊಂದು ಸುತ್ತು ನಡೆಯಬೇಕು, ಕೆಲವು ರಚನೆಗಳಲ್ಲಿ ಒತ್ತುವ ಕೆಲಸವೂ ಇನ್ನೊಂದು ಸಲ.

ಮಾದರಿಯೇ ಸಾಕೆನ್ನುವವರು

ಬರೆಯುವುದೇಕೆ, ಮಾದರಿ ಇದೆಯಲ್ಲ ಎಂಬುದು ಮೂರನೆಯ ಪಂಥ. ಗ್ರೆನೋಬಲ್‌ನ ಜಾನ್ ಪಿಯರ್ ಷರಾಸ್ 1992ರಲ್ಲಿ ಶುರುಮಾಡಿ, ಮುಂದೆ ಸರ್ನ್ ಪ್ರಯೋಗಾಲಯದ ಬೆಂಬಲ ಪಡೆದ ಕೀಕ್ಯಾಡ್‌ನಲ್ಲಿ ಒಂದು ಗುಂಡಿ ಒತ್ತಿದರೆ ಬೋರ್ಡು ಮೂರು ಆಯಾಮದಲ್ಲಿ ತಿರುಗುತ್ತದೆ. ಆಲ್ಟಿಯಂ ಮುಂತಾದ ದುಬಾರಿ ತಂತ್ರಾಂಶಗಳಲ್ಲಿ ಇನ್ನೂ ಸೊಗಸು. ಅಲ್ಲಿಂದ ಸ್ಟೆಪ್ ಫೈಲಾಗಿ ಯಂತ್ರವಿನ್ಯಾಸಕಾರರಿಗೆ ಕಳಿಸಿದರೆ ಡಬ್ಬಿಯೊಳಗೆ ಬೋರ್ಡು ಕೂರುತ್ತದೆಯೇ, ಕೆಪಾಸಿಟರ್ ಮುಚ್ಚಳಕ್ಕೆ ತಾಗುತ್ತದೆಯೇ ಎಂದು ತಿಳಿಯುತ್ತದೆ. ಈ ಕೆಲಸದಲ್ಲಿ ಮಾದರಿಗೆ ಎದುರಾಳಿಯಿಲ್ಲ.

ಆದರೆ ಒಳಪದರದ ಪ್ರಶ್ನೆಗೆ ಇದು ಉತ್ತರವೇ? ತಿರುಗುವ ಆ ಚಂದದ ಬೋರ್ಡಿನಲ್ಲಿ ಕಾಣುವುದು ಬೆಸುಗೆ ತಡೆಯುವ ಹಸಿರು ಮಾಸ್ಕು, ಬಿಳಿ ಅಕ್ಷರ, ಹೊರಗಿನ ಎರಡು ಪದರ. ಎಂಟು ಪದರದ ಬೋರ್ಡೂ ಎರಡು ಪದರದ್ದೂ ಒಂದೇ ಥರ ಕಾಣುತ್ತವೆ. ಸ್ಟೆಪ್ ಫೈಲಿನಲ್ಲಿ ಬಹುಕಾಲ ಬೋರ್ಡು ಒಂದು ಗಟ್ಟಿ ಚಪ್ಪಡಿ ಮಾತ್ರವಾಗಿತ್ತು. ಈಚಿನ ಆವೃತ್ತಿಗಳು ತಾಮ್ರದ ಗೆರೆಗಳನ್ನೂ ಕೊಡಬಲ್ಲವು, ಆದರೆ ಸಾವಿರಾರು ವಯಾಗಳು ಒಂದೊಂದೂ ಉರುಳೆಯಾದಾಗ ಸಾಧಾರಣ ಲ್ಯಾಪ್‌ಟಾಪು ಏದುಸಿರು ಬಿಡುತ್ತದೆ. ಮಾದರಿಯನ್ನು ಬ್ಲೆಂಡರ್ ಅಥವಾ ಫ್ರೀಕ್ಯಾಡ್‌ಗೆ ಒಯ್ದು ಪದರ ಬಿಡಿಸಬಹುದು, ಎತ್ತರ ಹಿಗ್ಗಿಸಬಹುದು. ಹಾಗೆ ಮಾಡಿದ ಕ್ಷಣದಲ್ಲಿ ಅದು ಮಾದರಿಯಾಗಿ ಉಳಿಯದೆ ಮತ್ತೆ ಚಿತ್ರವಾಗುತ್ತದೆ, ಹಳೆಯ ಜಗಳವೆಲ್ಲ ಹಿಂದಿರುಗುತ್ತದೆ.

ಮಾದರಿ ನಿಜವೆಂಬ ಭ್ರಮೆಗೂ ಮಿತಿಯಿದೆ. ಮಾದರಿಯಲ್ಲಿ ನಿರೋಧಕ ಪದರ ಏಕರೂಪದ ಗಟ್ಟಿ. ನಿಜದಲ್ಲಿ ಅದು ನೇಯ್ದ ಗಾಜುಬಟ್ಟೆ ಮತ್ತು ಎಪಾಕ್ಸಿ. ಗಾಜಿನ ಪರಾವೈದ್ಯುತ ಗುಣಾಂಕ ಸುಮಾರು 6, ಎಪಾಕ್ಸಿಯದು ಸುಮಾರು 3. ಜೋಡಿ ಗೆರೆಗಳಲ್ಲಿ ಒಂದು ನೂಲಿನ ಮೇಲೆ, ಇನ್ನೊಂದು ಸಂದಿನ ಮೇಲೆ ಸಾಗಿದರೆ ಎರಡು ಸಂಕೇತಗಳು ಬೇರೆಬೇರೆ ಹೊತ್ತಿಗೆ ತಲುಪುತ್ತವೆ. ತಾಮ್ರದ ಗೆರೆಯ ಅಡ್ಡಕೊಯ್ತವೂ ಆಯತವಲ್ಲ, ಕೊರೆಯುವ ದ್ರಾವಣ ಬದಿಯನ್ನೂ ತಿಂದು ಅದನ್ನು ಕೆಳಗೆ ಅಗಲ, ಮೇಲೆ ಕಿರಿದು ಮಾಡುತ್ತದೆ. ಕಂಪ್ಯೂಟರ್ ಕೊಟ್ಟ ಹೊಳೆಯುವ ಚಿತ್ರ ಇದ್ಯಾವುದನ್ನೂ ಹೇಳದೆ ಎಲ್ಲವನ್ನೂ ಹೇಳಿದಂತೆ ನಟಿಸುತ್ತದೆ. ಕೈಬರಹದ ಚಿತ್ರದಲ್ಲಿ ಆ ನಟನೆಯಾದರೂ ಇರುವುದಿಲ್ಲ.

ರಿಪೇರಿ ಮೇಜಿನ ವಾದ

ಮೊಬೈಲು, ಲ್ಯಾಪ್‌ಟಾಪು ಬಿಚ್ಚುವವರಿಗೆ ಮೂರು ಆಯಾಮ ಬೇಕಾಗಿಲ್ಲ. ಅವರ ಬೋರ್ಡ್‌ವ್ಯೂ ತಂತ್ರಾಂಶ ಚಪ್ಪಟೆ. ಒಂದು ಬಿಂದು ಮುಟ್ಟಿದರೆ ಅದೇ ಗೆರೆಗೆ ಸೇರಿದ ಎಲ್ಲ ಬಿಂದುಗಳೂ ಹೊಳೆಯುತ್ತವೆ. ನಡುವೆ ತಾಮ್ರ ಎಷ್ಟನೇ ಪದರದಲ್ಲಿ ಹರಿದರೆ ಅವರಿಗೇನು? ಒಳಗೆ ಕೈಹಾಕುವಂತಿಲ್ಲ, ತುದಿಯಿಂದ ತುದಿಗೆ ಜಂಪರ್ ತಂತಿ ಎಳೆದರೆ ಕೆಲಸ ಮುಗಿಯಿತು. ಗಂಗೊಳ್ಳಿ ಬಂದರಿನ ದೋಣಿಗಳ ಮೀನುಪತ್ತೆ ಯಂತ್ರವಿರಲಿ, ಮಳೆಗಾಲದ ತೇವ ಕುಡಿದ ಇನ್ವರ್ಟರ್ ಬೋರ್ಡಿರಲಿ, ಉಪ್ಪುಗಾಳಿ ತಿನ್ನುವುದು ಹೊರಗಿನ ತಾಮ್ರವನ್ನೇ ಮೊದಲು.

ಈ ವಾದ ಗಟ್ಟಿಯಾಗಿಯೇ ಇತ್ತು, ಬೋರ್ಡುಗಳೇ ಒಂದರ ಮೇಲೊಂದು ಹತ್ತುವವರೆಗೆ. 2017ರ ಐಫೋನ್ ಎಕ್ಸ್‌ನಲ್ಲಿ ಎರಡು ಬೋರ್ಡುಗಳನ್ನು ನಡುವೆ ಚೌಕಟ್ಟಿಟ್ಟು ಬೆಸೆದು ಒಂದೇ ಮಾಡಿದರು. ಅಂಥದ್ದರಲ್ಲಿ ದೋಷ ಮೇಲಿನದೋ ಕೆಳಗಿನದೋ ನಡುವಿನ ಬೆಸುಗೆಯದೋ ಎಂದು ತಿಳಿಯಲು ಚಪ್ಪಟೆ ನಕ್ಷೆ ಸಾಲದು.

ಹಂತಗಳನ್ನು ಬರೆಯುವವರು

ನಾಲ್ಕನೆಯ ಪಂಥ ಹೊಸದು, ಇನ್ನೂ ಚಿಕ್ಕದು. ನನ್ನ ಒಲವು ಇದರ ಕಡೆಗೆ. 2003ರಲ್ಲಿ ಮನೀಶ್ ಅಗ್ರವಾಲ ಮತ್ತು ಸಂಗಡಿಗರು ಗ್ರಾಫಿಕ್ಸ್ ತಜ್ಞರ ಸಿಗ್ರಾಫ್ ಸಮ್ಮೇಳನದಲ್ಲಿ ಜೋಡಣೆಯ ಸೂಚನಾಚಿತ್ರಗಳ ಬಗ್ಗೆ ಒಂದು ಸಂಶೋಧನೆ ಮಂಡಿಸಿದರು. ಮನಶ್ಶಾಸ್ತ್ರಜ್ಞೆ ಬಾರ್ಬರಾ ಟ್ವೆರ್ಸ್ಕಿಯೂ ಆ ತಂಡದಲ್ಲಿದ್ದರು. ಪೀಠೋಪಕರಣ, ಆಟಿಕೆಗಳನ್ನು ಜೋಡಿಸುವ ಚಿತ್ರಗಳೇ ಅವರ ವಸ್ತು. ಇಡೀ ರಚನೆಯನ್ನು ಒಮ್ಮೆಗೇ ಬಿಡಿಸಿ ತೋರಿಸುವುದಕ್ಕಿಂತ ಹಂತಹಂತವಾಗಿ, ಪ್ರತಿ ಹಂತದಲ್ಲಿ ಆಗುವ ಕ್ರಿಯೆಯನ್ನು ತೋರಿಸುವ ಚಿತ್ರ ಜನರಿಗೆ ಹಿಡಿಸುತ್ತದೆಂಬುದು ಅದರ ತಿರುಳು. 2008ರಲ್ಲಿ ಅದೇ ವೇದಿಕೆಯಲ್ಲಿ ವಿಲ್ಮಟ್ ಲೀ ಮತ್ತಿತರರು ಮೂರು ಆಯಾಮದ ಮಾದರಿಯಿಂದ ಬಿಡಿಚಿತ್ರವನ್ನು ಕಂಪ್ಯೂಟರೇ ತಯಾರಿಸುವ ವಿಧಾನ ತೋರಿಸಿದರು. ಯಾವ ಭಾಗ ಯಾವುದಕ್ಕೆ ಅಡ್ಡವಿದೆಯೆಂದು ಲೆಕ್ಕಹಾಕಿ ಬಿಡಿಸುವ ಕ್ರಮ ಅದು. ಅಡ್ಡವಿಲ್ಲದ ದಿಕ್ಕು ಇರುವ ವಸ್ತುಗಳಿಗೆ ಚೆನ್ನಾಗಿ ಒಗ್ಗುತ್ತದೆ. ಎಲ್ಲ ಪದರಗಳಿಗೂ ಬೆಸೆದುಕೊಂಡ ವಯಾಗೆ ಅಂಥ ದಿಕ್ಕೇ ಇಲ್ಲ.

ಇದನ್ನು ಬೋರ್ಡಿಗೆ ಅನ್ವಯಿಸಿದರೆ ಒಂದು ದೊಡ್ಡ ಚಿತ್ರದ ಬದಲು ಐದಾರು ಚಿಕ್ಕ ಚಿತ್ರಗಳು ಬರುತ್ತವೆ. ನಕ್ಷೆ ಕೊರೆದ ಕೋರ್ ಒಂದು ಕಡೆ. ಅದರ ಮೇಲೆ ಕೆಳಗೆ ಪ್ರಿಪ್ರೆಗ್ ಮತ್ತು ತಾಮ್ರದ ಹಾಳೆ, ಇನ್ನೂ ಬಿಡಿಬಿಡಿಯಾಗಿ. ಇಲ್ಲಿ ಬಿಡಿಚಿತ್ರ ನಿಜವಾಗಿಯೂ ಸತ್ಯ, ಏಕೆಂದರೆ ಆ ಗಳಿಗೆಯಲ್ಲಿ ಅವು ಬಿಡಿಯಾಗಿಯೇ ಇವೆ. ಒತ್ತಿದ ಮೇಲೆ ಗಟ್ಟಿ ಹಲಗೆ, ಅದಕ್ಕೆ ಕಾಲುಭಾಗ ಕತ್ತರಿಸಿದ ಮೂಲೆ, ಆ ಮೂಲೆಯಲ್ಲಿ ಅಡ್ಡಕೊಯ್ತ. ಆಮೇಲೆ ರಂಧ್ರ, ಲೇಪ, ಹೊರನಕ್ಷೆ, ಮಾಸ್ಕು. ಹೀಗೆ ಮಾಡಿದಾಗ ಕತ್ತರಿಸುವವರ ಮತ್ತು ಬಿಡಿಸುವವರ ಜಗಳ ತಾನಾಗಿಯೇ ಸಡಿಲಾಗುತ್ತದೆ. ಒತ್ತುವ ಮುಂಚೆ ಬಿಡಿಸಿ ತೋರಿಸಬಹುದು, ಒತ್ತಿದ ಮೇಲೆ ಕತ್ತರಿಸಿ ಮಾತ್ರ ತೋರಿಸಬೇಕು.

ವಿರೋಧವೂ ಇದೆ. ಐದು ಚಿತ್ರಕ್ಕೆ ಐದು ಪಟ್ಟು ಶ್ರಮ, ಐದು ಪಟ್ಟು ಜಾಗ. ವಿನ್ಯಾಸಕಾರನಿಗೆ ಕಾರ್ಖಾನೆಯ ಕ್ರಮ ಏಕೆ, ಅವನಿಗೆ ಬೇಕಾದುದು ಮುಗಿದ ಬೋರ್ಡಿನ ರಚನೆ ತಾನೆ ಎನ್ನುವವರಿದ್ದಾರೆ. ಎರಡು ಪದರದ ಬೋರ್ಡಿಗೆ ಈ ಮಾತನ್ನು ಒಪ್ಪಬಹುದು. ಹೂತ ವಯಾ ಇರುವ ಬೋರ್ಡಿಗೆ ಒಪ್ಪಲಾರೆ.

ಬಣ್ಣ, ಹೆಸರು ಮತ್ತು ಕೋಟದ ಪರಂಪರೆ

ಬಣ್ಣದ ವಿಷಯದಲ್ಲಿ ಎರಡೇ ಬಣ. ತಾಮ್ರಕ್ಕೆ ತಾಮ್ರದ ಬಣ್ಣ, ಎಪಾಕ್ಸಿಗೆ ಹಳದಿ ಮಿಶ್ರಿತ ಹಸಿರು ಎನ್ನುವವರು ಒಂದು ಕಡೆ, ತಂತ್ರಾಂಶದಲ್ಲಿರುವಂತೆ ಪದರಕ್ಕೊಂದು ಬಣ್ಣ ಎನ್ನುವವರು ಇನ್ನೊಂದು ಕಡೆ. ವಸ್ತು ಹೇಳಬೇಕಾದಾಗ ಮೊದಲನೆಯದು, ಪದರ ಗುರುತಿಸಬೇಕಾದಾಗ ಎರಡನೆಯದು. ಕಪ್ಪು ಬಿಳುಪಿನಲ್ಲಿ ನಕಲು ತೆಗೆದ ನೋಟ್ಸಿನಲ್ಲಿ ಎರಡೂ ಬೂದು ಬಣ್ಣವಾಗುವುದರಿಂದ, ಗೆರೆಗಳ ಓರೆಯಿಂದ ವ್ಯತ್ಯಾಸ ತೋರಿಸುವ ಹಳೆಯ ಪದ್ಧತಿಯೇ ನಮ್ಮ ತರಗತಿಗಳಿಗೆ ಕ್ಷೇಮ.

ಕನ್ನಡದಲ್ಲಿ ಹೆಸರು ಬರೆದ ಬಹುಪದರ ಬೋರ್ಡಿನ ಒಳ್ಳೆಯ ಚಿತ್ರಗಳು ತೀರ ವಿರಳ. ಇದು ವಿಚಿತ್ರ, ಏಕೆಂದರೆ ಕನ್ನಡಕ್ಕೆ ಸಚಿತ್ರ ವಿಜ್ಞಾನದ ದೊಡ್ಡ ಪ್ರಯತ್ನ ಬಂದದ್ದೇ ಈ ನೆಲದಿಂದ. ಇಂದು ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 1930ರ ದಶಕದಲ್ಲಿ ‘ಬಾಲ ಪ್ರಪಂಚ’ವನ್ನೂ, ಆಮೇಲೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಚಿತ್ರಗಳ ಸಮೇತ ತಂದರು. ಒಬ್ಬ ಮನುಷ್ಯ ಅಷ್ಟು ಮಾಡಿದ ಮೇಲೆ ಕಾಲೇಜುಗಳು, ಲ್ಯಾಬುಗಳು, ಉಚಿತ ತಂತ್ರಾಂಶಗಳೆಲ್ಲ ಇರುವ ನಾವು ನಾಲ್ಕು ಪದರ ಬರೆಯಲು ಅಳುಕುವುದಕ್ಕೆ ನೆವವಿಲ್ಲ.

ಇನ್ನೂ ಇತ್ಯರ್ಥವಾಗದವು

ಎಷ್ಟು ಪದರದವರೆಗೆ ಬಿಡಿಚಿತ್ರ ಓದಲು ಯೋಗ್ಯ? ನಾಲ್ಕು, ಆರು, ಎಂಟರವರೆಗೆ ತಕರಾರಿಲ್ಲ. ಇಪ್ಪತ್ತು ದಾಟಿದ ಸರ್ವರ್ ಬೋರ್ಡುಗಳಿಗೆ ಪದರಗಳನ್ನು ಗುಂಪು ಮಾಡಬೇಕು. ಕಾರ್ಯದ ಪ್ರಕಾರವೋ ಒತ್ತುವ ಕ್ರಮದ ಪ್ರಕಾರವೋ ಎಂಬಲ್ಲಿ ಒಮ್ಮತವಿಲ್ಲ. ಪ್ರತಿ ಪದರದಿಂದ ಪ್ರತಿ ಪದರಕ್ಕೆ ಸೂಕ್ಷ್ಮ ವಯಾ ಇರುವ ಮೊಬೈಲ್ ಬೋರ್ಡುಗಳಲ್ಲಿ ಕೋರ್, ಪ್ರಿಪ್ರೆಗ್ ಎಂಬ ಭೇದವನ್ನು ಚಿತ್ರದಲ್ಲಿ ಉಳಿಸಿಕೊಳ್ಳಬೇಕೇ ಎಂಬುದೂ ತೆರೆದ ಪ್ರಶ್ನೆ. ಬೋರ್ಡಿನ ಹೊಟ್ಟೆಯೊಳಗೇ ಚಿಪ್ಪು, ರೆಸಿಸ್ಟರ್ ಹುದುಗಿಸುವ ಪದ್ಧತಿ ಬಂದ ಮೇಲೆ ಪದರವೆಂದರೆ ಸಪಾಟು ಹಾಳೆ ಎಂಬ ಮೂಲ ಊಹೆಯೇ ಅಲುಗಿದೆ. ತಿರುಗಿಸಿ ನೋಡುವ ಮಾದರಿಯಿಂದ ಹೆಚ್ಚು ಕಲಿಕೆಯೋ, ಚೆನ್ನಾಗಿ ಆರಿಸಿ ಬರೆದ ನಿಂತ ಚಿತ್ರದಿಂದಲೋ ಎಂಬುದಕ್ಕೆ ಬೋರ್ಡಿನ ಮಟ್ಟಿಗೆ ಖಚಿತ ಉತ್ತರ ಸಿಕ್ಕಿಲ್ಲ. ಗಾಜುನೂಲಿನ ನೇಯ್ಗೆಯನ್ನು ಯಾವ ಮಟ್ಟದ ಓದುಗನಿಗೆ ತೋರಿಸಲು ಶುರುಮಾಡಬೇಕು ಎಂಬಲ್ಲಿ ಪಾಠ ಮಾಡುವವರಲ್ಲೇ ಎರಡು ಮತ.

ಇವು ಕಾಯಲಾರದ ಪ್ರಶ್ನೆಗಳು. ಬಹುಪದರ ಬೋರ್ಡುಗಳೂ ಸೇರಿದಂತೆ ಬಿಡಿಭಾಗಗಳ ತಯಾರಿಕೆಗೆ ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಲ್ಲಿ 22,919 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿದೆ. ಮೈಸೂರಿನ ಕೋಚನಹಳ್ಳಿಯಲ್ಲಿ ಪಿಸಿಬಿ ಕ್ಲಸ್ಟರ್ ಮಾಡುವುದಾಗಿ ರಾಜ್ಯ ಸರ್ಕಾರವೂ ಹೇಳಿದೆ. ಅಲ್ಲಿ ಕೆಲಸಕ್ಕೆ ಸೇರುವವರಲ್ಲಿ ನಮ್ಮ ಮೂರು ತಾಲೂಕಿನವರೂ ಇರುತ್ತಾರೆ.

ಕಲಿಸುವವರಲ್ಲಿ ಒಂದು ವಿನಂತಿ. ಭೂವಿಜ್ಞಾನಿಗಳು ತಮ್ಮ ಅಡ್ಡಕೊಯ್ತದ ನಕ್ಷೆಯಲ್ಲಿ ಎತ್ತರವನ್ನು ಎಷ್ಟು ಪಟ್ಟು ಹಿಗ್ಗಿಸಲಾಗಿದೆಯೆಂದು ಬರೆಯುತ್ತಾರೆ. ಬೋರ್ಡಿನ ಚಿತ್ರಗಳಲ್ಲಿ ಆ ರೂಢಿ ಬೇರೂರಿಲ್ಲ. ಮುಂದಿನ ಸಲ ಕರಿಹಲಗೆಯ ಮೇಲೆ ನಾಲ್ಕು ಪದರ ಬರೆದಾಗ ಕೋರನ್ನು ಪ್ರಿಪ್ರೆಗ್‌ಗಿಂತ ಐದು ಪಟ್ಟು ದಪ್ಪ ಬರೆಯಿರಿ, ಮೂಲೆಯಲ್ಲಿ ‘ಎತ್ತರ 20 ಪಟ್ಟು ಹಿಗ್ಗಿಸಿದೆ’ ಎಂದು ನಮೂದಿಸಿ, ರಂಧ್ರವನ್ನು ಕೊನೆಗೆ ಕೊರೆಯಿರಿ.